ಟ್ರಾಕ್ಟರಿನ ಫ್ಯೂಸು ಪದೇ ಪದೇ ಸುಟ್ಟುಹೋಗುವುದಕ್ಕೆ ಕಾರಣವೂ ಅದನ್ನು ಕಂಡುಹಿಡಿಯುವ ಕ್ರಮವೂ

ಅರಸೀಕೆರೆ ತಾಲ್ಲೂಕಿನ ತೆಂಗಿನ ತೋಟಗಳಿಂದ ಮೊದಲುಗೊಂಡು ಬೇಲೂರು ತಾಲ್ಲೂಕಿನ ಕಾಫಿ ತೋಟಗಳವರೆಗೆ ಟ್ರಾಕ್ಟರು ಕಾಣದ ಗ್ರಾಮವು ಈಗ ವಿರಳ. ಉಳುಮೆಗೆ ಅದು ಎಷ್ಟು ಅವಶ್ಯವೋ ಸಾಗಣೆಗೂ ಅಷ್ಟೇ ಅವಶ್ಯವಾಗಿದೆ. ತೆಂಗಿನಕಾಯಿ, ಕೊಬ್ಬರಿ, ರಾಗಿ ಹುಲ್ಲು, ಮುಸುಕಿನ ಜೋಳ, ಆಲೂಗೆಡ್ಡೆ, ಶುಂಠಿ, ಕೊಟ್ಟಿಗೆ ಗೊಬ್ಬರ, ಇವೆಲ್ಲವೂ ಟ್ರೈಲರಿನ ಮೇಲೆಯೇ ಹೋಗಬೇಕು. ಹಗಲೆಲ್ಲ ಹೊಲದಲ್ಲಿ ಹೇರಿ ಹೊರಟ ಬಂಡಿಯು ಊರನ್ನೋ ಮಂಡಿಯನ್ನೋ ಮುಟ್ಟುವ ವೇಳೆಗೆ ಬಹುಮಟ್ಟಿಗೆ ಕತ್ತಲೆಯಾಗಿರುವುದು. ಆಗ ಅದರ ಹಿಂಬದಿಯ ಎರಡು ಸಣ್ಣ ಕೆಂಪು ದೀಪಗಳ ಮೇಲೆ ಮನುಷ್ಯರ ಪ್ರಾಣವು ನಿಂತಿರುವುದು.

ಹಳೇಬೀಡಿಗೂ ಬೇಲೂರಿಗೂ ನಡುವೆ ಇರುವ ಸುಮಾರು 16 ಕಿಲೋಮೀಟರು ರಸ್ತೆಯಲ್ಲಿ ದೂರದ ಊರುಗಳ ವಾಹನಗಳ ಸಂಚಾರವು ಹೆಚ್ಚು. ಇಲ್ಲಿನ ಹೊಯ್ಸಳ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದುವು. ಈ ಪ್ರಯಾಣಿಕರಿಗೆ ರಸ್ತೆಯ ತಿರುವುಗಳ ಪರಿಚಯವಿಲ್ಲ. ಮುಂದೆ ಹುಲ್ಲಿನ ಹೇರೊಂದು ದೀಪವಿಲ್ಲದೆ ಮೆಲ್ಲಗೆ ಹೋಗುತ್ತಿರಬಹುದೆಂಬ ಊಹೆಯೂ ಇರುವುದಿಲ್ಲ. ಸೂರ್ಯಾಸ್ತಮಯವಾಗಿ ಅರ್ಧ ಗಂಟೆಯಾದ ಮೇಲೆ, ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನವರೆಗೆ, ಸಾರ್ವಜನಿಕ ರಸ್ತೆಯ ಮೇಲೆ ಹೋಗುವ ಮೋಟಾರು ವಾಹನಗಳಿಗೆ ದೀಪವಿರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನಗಳ ನಿಯಮಗಳು ವಿಧಿಸಿವೆ. ಹೀಗಿದ್ದರೂ ದೀಪವಿಲ್ಲದ ಟ್ರೈಲರುಗಳು ರಸ್ತೆಯಲ್ಲಿ ಕಾಣುವುದುಂಟು. ಕಾರಣವನ್ನು ವಿಚಾರಿಸಿದರೆ “ಫ್ಯೂಸು ನಿಲ್ಲುವುದಿಲ್ಲ, ಹಾಕಿದ ಹಾಗೆಲ್ಲಾ ಹೋಗುತ್ತದೆ” ಎಂಬ ಉತ್ತರವು ಅನೇಕ ಕಡೆ ಸಿಕ್ಕುವುದು.

ಫ್ಯೂಸು ಹೋಗುವುದು ರೋಗವಲ್ಲ, ರೋಗದ ಸೂಚನೆ. ಸೂಚನೆಯನ್ನು ಅಡಗಿಸಿದ ಮಾತ್ರಕ್ಕೆ ರೋಗವು ಹೋಗದು. ರೋಗವಿರುವ ಸ್ಥಳವನ್ನು ಕಂಡುಹಿಡಿಯುವುದಕ್ಕೆ ದೊಡ್ಡ ವಿದ್ಯೆಯಾಗಲಿ ಬೆಲೆಯುಳ್ಳ ಯಂತ್ರವಾಗಲಿ ಬೇಕಿಲ್ಲ. ಒಂದು ಬಲ್ಬು, ಎರಡು ತುಂಡು ವೈರು, ಸ್ವಲ್ಪ ತಾಳ್ಮೆ, ಇವಿಷ್ಟು ಸಾಕು. ಅದರ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಫ್ಯೂಸಿನ ಕೆಲಸ

ಟ್ರಾಕ್ಟರಿನ ಬ್ಯಾಟರಿಯು 12 ವೋಲ್ಟಿನದು. ಅದರ ಧನ ಕೊನೆಯಿಂದ ಹೊರಟ ವಿದ್ಯುತ್ತು ಫ್ಯೂಸು, ಸ್ವಿಚ್ಚು, ವೈರುಗಳ ಮೂಲಕ ದೀಪಕ್ಕೆ ಬರುವುದು. ಹಿಂದಿರುಗುವುದಕ್ಕೆ ಬೇರೆ ವೈರು ಸಾಮಾನ್ಯವಾಗಿ ಇರುವುದಿಲ್ಲ; ಟ್ರಾಕ್ಟರಿನ ಕಬ್ಬಿಣದ ಮೈಯೇ ಹಿಂದಿರುಗುವ ದಾರಿ. ಬ್ಯಾಟರಿಯ ಋಣ ಕೊನೆಯನ್ನು ಮೈಗೆ ಬಿಗಿದಿರುವರು. ಇದನ್ನೇ ‘ಅರ್ತು’ ಎಂದು ಕರೆಯುವರು. ಇದರಿಂದ ಅರ್ಧ ವೈರು ಉಳಿಯಿತು. ಆದರೆ ಇದರಿಂದಲೇ ಒಂದು ಅಪಾಯವೂ ಬಂದಿತು. ವೈರಿನ ಮೇಲಿನ ಹೊದಿಕೆಯು ಎಲ್ಲಿಯಾದರೂ ಹರಿದು ಒಳಗಿನ ತಾಮ್ರವು ಕಬ್ಬಿಣಕ್ಕೆ ತಗುಲಿದರೆ, ವಿದ್ಯುತ್ತು ದೀಪದವರೆಗೆ ಹೋಗದೆ ಅಲ್ಲಿಂದಲೇ ಅಡ್ಡದಾರಿ ಹಿಡಿದು ಬ್ಯಾಟರಿಗೆ ಹಿಂದಿರುಗುವುದು. ಇದಕ್ಕೆ ‘ಶಾರ್ಟು’ ಎಂದು ಹೆಸರು.

ಕೆರೆಯ ಕೆಳಗಿನ ಜಮೀನುದಾರರಿಗೆ ಇದು ತಿಳಿಯದ ಸಂಗತಿಯಲ್ಲ. ತೂಬಿನಿಂದ ಬಿಟ್ಟ ನೀರು ಕಾಲುವೆಗಳ ಮೂಲಕ ಗದ್ದೆಗೆ ಹರಿಯುವಾಗ ಅದಕ್ಕೊಂದು ಮಿತಿಯಿರುವುದು. ಕಾಲುವೆಯ ಏರಿ ನಡುವೆ ಒಡೆದು ನೀರು ಹಳ್ಳಕ್ಕೆ ಬಿದ್ದರೆ ಮಿತಿಯಿಲ್ಲದೆ ನುಗ್ಗುವುದು, ಗದ್ದೆಗೆ ಹನಿಯೂ ತಲಪದು, ಕಾಲುವೆಯೂ ಕೊಚ್ಚಿಹೋಗುವುದು. ಅಂಥ ಸಮಯದಲ್ಲಿ ತೂಬು ತಾನಾಗಿಯೇ ಮುಚ್ಚಿಕೊಂಡರೆ ಎಷ್ಟು ಉಪಕಾರವೋ, ವೈರಿಗೆ ಫ್ಯೂಸು ಮಾಡುವುದು ಅಷ್ಟೇ ಉಪಕಾರ. ಅದರೊಳಗಿನ ಸಣ್ಣ ಲೋಹದ ಎಳೆಯು ತಾನು ಕರಗಿ ಮಿಕ್ಕ ವೈರನ್ನು ಉಳಿಸುವುದು. ಅಮೆರಿಕದ ಎಡಿಸನ್ನನು ಇಂಥ ಸಾಧನಕ್ಕೆ ಹಕ್ಕುಪತ್ರವನ್ನು ಪಡೆದುದು 1890ರಲ್ಲಿ.

ಲೆಕ್ಕವನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುವುದು. ಹಿಂದಿನ ಕೆಂಪು ದೀಪದ ಬಲ್ಬು ಸಾಮಾನ್ಯವಾಗಿ 5 ವ್ಯಾಟಿನದು. ಟ್ರಾಕ್ಟರಿಗೆ ಎರಡು, ಟ್ರೈಲರಿಗೆ ಎರಡು, ಹೀಗೆ ನಾಲ್ಕು ಬಲ್ಬುಗಳಿಗೆ 20 ವ್ಯಾಟಾಯಿತು. ಅದನ್ನು 12 ವೋಲ್ಟಿನಿಂದ ಭಾಗಿಸಿದರೆ ಹರಿಯುವ ವಿದ್ಯುತ್ತು 1.7 ಆಂಪಿಯರು ಮಾತ್ರ. 10 ಆಂಪಿಯರಿನ ಫ್ಯೂಸಿಗೆ ಇದು ಲೆಕ್ಕಕ್ಕೇ ಬಾರದು. ಈಗ ಅದೇ ವೈರು, ಫ್ಯೂಸಿನಿಂದ 4 ಮೀಟರು ದೂರದಲ್ಲಿ, ಕಬ್ಬಿಣಕ್ಕೆ ತಗುಲಿತೆಂದು ಭಾವಿಸಬಹುದು. ಒಂದು ಚದರ ಮಿಲಿಮೀಟರು ದಪ್ಪದ ತಾಮ್ರದ ವೈರಿಗೆ 4 ಮೀಟರು ಉದ್ದಕ್ಕೆ ಇರುವ ತಡೆಯು ಸುಮಾರು 0.07 ಓಂ. ಕೂಡಿಕೆಗಳ ಮತ್ತು ಬ್ಯಾಟರಿಯ ತಡೆಯನ್ನು ಸೇರಿಸಿ 0.1 ಓಂ ಎಂದಿಟ್ಟುಕೊಂಡರೂ ಹರಿಯುವ ವಿದ್ಯುತ್ತು 120 ಆಂಪಿಯರಾಗುವುದು. ಆ ಬಡ ವೈರಿನಲ್ಲಿ ಹುಟ್ಟುವ ಕಾವು ಸುಮಾರು 1000 ವ್ಯಾಟು, ಎಂದರೆ ಅಡಿಗೆಮನೆಯ ಒಂದು ವಿದ್ಯುತ್ತಿನ ಒಲೆಯಷ್ಟು. ಫ್ಯೂಸು ಕಣ್ಣು ಮಿಟುಕಿಸುವಷ್ಟರಲ್ಲಿ ಕರಗದಿದ್ದರೆ ಆ ಒಲೆಯು ಟ್ರೈಲರಿನ ಕೆಳಗೇ ಉರಿಯತಕ್ಕದ್ದು.

ಬೆಳ್ಳಿ ಕಾಗದವೂ ತಂತಿಯ ಚೂರೂ

ಪಂಪುಸೆಟ್ಟಿನ ಪೆಟ್ಟಿಗೆಯಲ್ಲಿ ಫ್ಯೂಸು ಹೋದಾಗ ಕೈಗೆ ಸಿಕ್ಕಿದ ತಂತಿಯನ್ನು ಸುತ್ತಿಬಿಡುವ ದುರಭ್ಯಾಸವು ಹಳ್ಳಿಗಳಲ್ಲಿ ಉಂಟು. ಅದೇ ಅಭ್ಯಾಸವು ಟ್ರಾಕ್ಟರಿಗೂ ಹಬ್ಬಿದೆ. ಸಿಗರೇಟು ಪೊಟ್ಟಣದ ಬೆಳ್ಳಿ ಕಾಗದವನ್ನು ಮಡಿಸಿ ಸುತ್ತುವರು. ತಾಮ್ರದ ಚೂರನ್ನೋ ಮೊಳೆಯನ್ನೋ ಸಿಕ್ಕಿಸುವರು. ಇಲ್ಲವೇ 10 ಆಂಪಿಯರಿನ ಸ್ಥಳದಲ್ಲಿ 30 ಆಂಪಿಯರಿನದನ್ನು ಹಾಕುವರು. ದೀಪವು ಒಂದು ವೇಳೆ ಹತ್ತಿದರೂ ಹತ್ತಬಹುದು. ಆದರೆ ಆ ಕ್ಷಣದಿಂದ ವೈರೇ ಫ್ಯೂಸಾಗುವುದು. ಮೊದಲು ಹೊದಿಕೆಯು ಕರಗುವುದು. ಪಕ್ಕದ ವೈರುಗಳ ಹೊದಿಕೆಯೂ ಅದರೊಡನೆ ಕರಗಿ ಇಡೀ ಕಟ್ಟೇ ಒಂದಾಗುವುದು. ಮೇಲೆ ಒಣಗಿದ ರಾಗಿ ಹುಲ್ಲೋ ತೆಂಗಿನ ಗರಿಯೋ ಇದ್ದರೆ ಅದಕ್ಕೆ ಬೆಂಕಿ ತಾಕುವುದಕ್ಕೆ ತಡವಾಗದು. ಐದೋ ಹತ್ತೋ ರೂಪಾಯಿನ ಫ್ಯೂಸನ್ನು ಉಳಿಸಹೋಗಿ ಲಕ್ಷಗಟ್ಟಲೆ ಬೆಲೆಯ ಟ್ರಾಕ್ಟರನ್ನೂ ಒಂದು ವರ್ಷದ ಮೇವನ್ನೂ ಪಣಕ್ಕೆ ಒಡ್ಡಿದಂತಾಗುವುದು.

ಫ್ಯೂಸಿನ ಅಳತೆಯು ದೀಪಕ್ಕಾಗಿ ಇಟ್ಟದ್ದಲ್ಲ, ವೈರಿಗಾಗಿ ಇಟ್ಟದ್ದು ಎಂಬುದನ್ನು ಮರೆಯಬಾರದು. ಸಾಮಾನ್ಯವಾಗಿ ಒಂದು ಚದರ ಮಿಲಿಮೀಟರಿನ ವೈರಿಗೆ 10 ಆಂಪಿಯರಿಗಿಂತ ದೊಡ್ಡ ಫ್ಯೂಸನ್ನು ಹಾಕತಕ್ಕದ್ದಲ್ಲ. 1976ರಿಂದೀಚೆಗೆ ಬಂದ ಎರಡು ಅಲಗಿನ ಪ್ಲಾಸ್ಟಿಕ್ಕು ಫ್ಯೂಸುಗಳಲ್ಲಿ ಅಳತೆಯನ್ನು ಬಣ್ಣದಿಂದಲೇ ಗುರುತಿಸಬಹುದು: ಕೆಂಪು 10, ನೀಲಿ 15, ಹಳದಿ 20, ಹಸಿರು 30. ಕೆಂಪು ಹೋದ ಸ್ಥಳಕ್ಕೆ ಕೆಂಪೇ ಬರಬೇಕು.

ಸುಟ್ಟ ಫ್ಯೂಸೇ ಮೊದಲನೆಯ ಸಾಕ್ಷಿ

ಸುಟ್ಟ ಫ್ಯೂಸನ್ನು ಎಸೆಯುವುದಕ್ಕೆ ಮುಂಚೆ ಬೆಳಕಿಗೆ ಹಿಡಿದು ನೋಡತಕ್ಕದ್ದು. ಅದರಲ್ಲಿ ಮೂರು ವಿಧದ ಗುರುತುಗಳನ್ನು ಕಾಣಬಹುದು.

ಮೊದಲನೆಯದು, ಎಳೆಯು ನಡುವೆ ಸ್ವಲ್ಪವೇ ಕಡಿದು ಗಾಜು ನಿರ್ಮಲವಾಗಿರುವುದು. ಇದು ಹೆಚ್ಚು ಭಾರದ ಗುರುತು. ಹೊಲದಲ್ಲಿ ರಾತ್ರಿ ಉಳುವುದಕ್ಕೆಂದು ಹೆಚ್ಚಿನ ದೀಪಗಳನ್ನೋ ಹಾಡಿನ ಪೆಟ್ಟಿಗೆಯನ್ನೋ ಒಂದೇ ವೈರಿಗೆ ಜೋಡಿಸಿದಾಗ ಫ್ಯೂಸು ಕೆಲವು ನಿಮಿಷ ನಿಂತು ಆಮೇಲೆ ಹೋಗುವುದು. 55 ವ್ಯಾಟಿನ ದೀಪವೊಂದಕ್ಕೆ ಸುಮಾರು 4.6 ಆಂಪಿಯರು ಬೇಕು. ಅಂಥ ಎರಡನ್ನು ಸೇರಿಸಿದರೆ 9 ಆಂಪಿಯರನ್ನು ದಾಟಿತು. ಇಲ್ಲಿ ಹುಡುಕತಕ್ಕ ಶಾರ್ಟು ಇಲ್ಲ. ಹೊಸ ದೀಪಗಳಿಗೆ ಬೇರೆ ವೈರನ್ನೂ ಬೇರೆ ಫ್ಯೂಸನ್ನೂ ಕೊಡಿಸುವುದೇ ಪರಿಹಾರ.

ಎರಡನೆಯದು, ಎಳೆಯು ಪೂರ್ತಿಯಾಗಿ ಮಾಯವಾಗಿ ಗಾಜಿಗೆ ಕಪ್ಪೋ ಕನ್ನಡಿಯಂಥ ಹೊಳಪೋ ಹತ್ತಿರುವುದು. ಇದು ನಿಜವಾದ ಶಾರ್ಟಿನ ಗುರುತು. ಮೂರನೆಯದು, ಎಳೆಯು ಕೊನೆಯಲ್ಲಿ ಕರಗಿ, ಫ್ಯೂಸನ್ನು ಹಿಡಿದಿರುವ ಪ್ಲಾಸ್ಟಿಕ್ಕು ಕಂದುಬಣ್ಣಕ್ಕೆ ತಿರುಗಿರುವುದು. ಇದು ಹಿಡಿಕೆಯ ಸಡಿಲಿಕೆಯಿಂದ ಹುಟ್ಟಿದ ಕಾವು. ಹಿಡಿಕೆಯನ್ನು ಉಜ್ಜಿ ಬಿಗಿಗೊಳಿಸಿದರೆ ಅಥವಾ ಬದಲಾಯಿಸಿದರೆ ಸರಿಹೋಗುವುದು.

ಎಲ್ಲಿ ಎನ್ನುವುದಕ್ಕೆ ಮುಂಚೆ ಯಾವಾಗ ಎಂದು ಕೇಳಬೇಕು

ಶಾರ್ಟೆಂದು ಗೊತ್ತಾದ ಕೂಡಲೆ ವೈರುಗಳ ಕಟ್ಟನ್ನು ಬಿಚ್ಚಿ ಹರಡುವುದು ಅವಿವೇಕ. ಫ್ಯೂಸು ಯಾವ ಸಮಯದಲ್ಲಿ ಹೋಯಿತೆಂದು ಚಾಲಕನನ್ನು ಸಮಾಧಾನವಾಗಿ ವಿಚಾರಿಸಬೇಕು. ಆತನ ಉತ್ತರದಲ್ಲಿಯೇ ಅರ್ಧ ಕೆಲಸವು ಮುಗಿಯುವುದು.

ಯಾವ ಸ್ವಿಚ್ಚನ್ನೂ ಹಾಕದೆ, ಫ್ಯೂಸನ್ನು ಸಿಕ್ಕಿಸಿದ ಕೂಡಲೆ ಹೋದರೆ, ದೋಷವು ಫ್ಯೂಸಿಗೂ ಸ್ವಿಚ್ಚಿಗೂ ನಡುವೆ ಇದೆ. ದೀಪದ ಸ್ವಿಚ್ಚನ್ನು ತಿರುಗಿಸಿದಾಗ ಹೋದರೆ ಸ್ವಿಚ್ಚಿನಿಂದ ಆಚೆಗೆ ಇದೆ. ಬ್ರೇಕು ತುಳಿದಾಗ ಮಾತ್ರ ಹೋದರೆ ಬ್ರೇಕಿನ ದೀಪದ ವೈರು. ಎಡಗಡೆಯ ಇಂಡಿಕೇಟರನ್ನು ಹಾಕಿದಾಗ ಹೋದರೆ ಎಡಗಡೆಯ ವೈರು. ಟ್ರೈಲರನ್ನು ಜೋಡಿಸಿದ ದಿನಗಳಲ್ಲಿ ಮಾತ್ರ ಹೋದರೆ ಟ್ರಾಕ್ಟರನ್ನು ಮುಟ್ಟುವ ಅವಶ್ಯಕತೆಯೇ ಇಲ್ಲ. ಹೇರನ್ನು ಸುರಿಯುವುದಕ್ಕೆ ಟ್ರೈಲರನ್ನು ಎತ್ತಿದಾಗ ಹೋದರೆ ಕೀಲಿನ ಹತ್ತಿರ ವೈರು ಸಿಕ್ಕಿಕೊಂಡು ನಲುಗುತ್ತಿದೆ. ಗುಂಡಿಗಳಲ್ಲಿ ಕುಲುಕಿದಾಗ ಹೋದರೆ ವೈರು ಎಲ್ಲಿಯೋ ಅಂಚಿಗೆ ಉಜ್ಜುತ್ತಿದೆ. ಮಳೆ ಬಂದ ಮೇಲೆಯೋ ತೊಳೆದ ಮೇಲೆಯೋ ಹೋದರೆ ಮೊದಲು ಸಾಕೆಟ್ಟನ್ನೂ ದೀಪದ ಬುರುಡೆಗಳನ್ನೂ ತೆಗೆದು ನೋಡತಕ್ಕದ್ದು.

ಪರೀಕ್ಷೆಗೆ ಬೇಕಾದ ಸಾಮಾನು

ಪರೀಕ್ಷೆಗೆಂದು ಒಂದರ ಮೇಲೊಂದು ಹೊಸ ಫ್ಯೂಸನ್ನು ಹಾಕಿ ಸುಡುವುದು ಹಣಕ್ಕೂ ನಷ್ಟ, ವೈರಿಗೂ ಪೆಟ್ಟು. ಇದಕ್ಕೆ ಬದಲಾಗಿ 12 ವೋಲ್ಟು, 21 ವ್ಯಾಟಿನ ಒಂದು ಬಲ್ಬನ್ನು ಹೋಲ್ಡರಿನಲ್ಲಿ ಕೂರಿಸಿ, ಅದಕ್ಕೆ ತಲಾ ಒಂದೂವರೆ ಮೀಟರಿನ ಎರಡು ವೈರುಗಳನ್ನು ಜೋಡಿಸಿ, ತುದಿಗೆ ಹಲ್ಲಿನ ಕ್ಲಿಪ್ಪುಗಳನ್ನು ಹಾಕಬೇಕು. ಇದೇ ಪರೀಕ್ಷಾ ದೀಪ. ಇದನ್ನು ಫ್ಯೂಸಿನ ಸ್ಥಳದಲ್ಲಿ ಹಾಕಿದರೆ, ಶಾರ್ಟಿದ್ದಾಗಲೂ ವೈರಿನಲ್ಲಿ 1.75 ಆಂಪಿಯರಿಗಿಂತ ಹೆಚ್ಚಾಗಿ ವಿದ್ಯುತ್ತು ಹರಿಯಲಾರದು. ಆದುದರಿಂದ ಎಷ್ಟು ಹೊತ್ತು ಬೇಕಾದರೂ ನಿರ್ಭಯವಾಗಿ ಹುಡುಕಬಹುದು. ಕೆಲವು ನೂರು ರೂಪಾಯಿಗೆ ಸಿಕ್ಕುವ ಮೀಟರನ್ನು ಉಪಯೋಗಿಸುವುದಾದರೆ, ಬ್ಯಾಟರಿಯನ್ನು ಕಳಚಿ, ಬಲ್ಬುಗಳನ್ನು ತೆಗೆದು, ಫ್ಯೂಸಿನ ಆಚೆಯ ಕೊನೆಗೂ ಮೈಗೂ ನಡುವೆ ತಡೆಯನ್ನು ಅಳೆಯಬೇಕು. ಸೊನ್ನೆಗೆ ಹತ್ತಿರವಾದರೆ ಶಾರ್ಟು ಇದೆ. ಆದರೂ ಹಳ್ಳಿಯ ಕೆಲಸಕ್ಕೆ ದೀಪವೇ ಅನುಕೂಲ. ದೂರದಿಂದಲೂ ಕಾಣುವುದು, ಕೈಗಳೆರಡೂ ಬಿಡುವಾಗಿರುವುದು.

ಕೆಲಸಕ್ಕೆ ಮುಂಚೆ ಕೆಲವು ಎಚ್ಚರಿಕೆಗಳು ಅವಶ್ಯ. ಹುಲ್ಲಿನ ಹೇರಿದ್ದರೆ ಮೊದಲು ಇಳಿಸಬೇಕು. ಬ್ಯಾಟರಿಯ ಹತ್ತಿರ ಬೀಡಿ ಸೇದಬಾರದು. ಅದರಿಂದ ಹೊರಡುವ ಜಲಜನಕವು ಕಿಡಿಗೆ ಸಿಡಿಯುವುದು. ಕೈಯ ಉಂಗುರ, ಲೋಹದ ಪಟ್ಟಿಯ ಗಡಿಯಾರಗಳನ್ನು ತೆಗೆದಿಡಬೇಕು. ಬ್ಯಾಟರಿಯನ್ನು ಕಳಚುವಾಗ ಋಣ ಕೊನೆಯನ್ನು ಮೊದಲು ಬಿಚ್ಚಬೇಕು, ಜೋಡಿಸುವಾಗ ಅದನ್ನೇ ಕಡೆಯಲ್ಲಿ ಬಿಗಿಯಬೇಕು. ಏತಕ್ಕೆಂದರೆ ಧನ ಕೊನೆಯನ್ನು ಮೊದಲು ಬಿಚ್ಚುವಾಗ ಸ್ಪ್ಯಾನರು ಮೈಗೆ ತಗುಲಿದರೆ ಅದೇ ಒಂದು ದೊಡ್ಡ ಶಾರ್ಟಾಗುವುದು. ಎಂಜಿನನ್ನು ವಿದ್ಯುತ್ ಯಂತ್ರವೇ ನಡೆಸುವ ಹೊಸ ಮಾದರಿಯ ಟ್ರಾಕ್ಟರುಗಳೂ ಈಗ ಬಂದಿವೆ. 50 ಅಶ್ವಶಕ್ತಿಗೆ ಮೇಲ್ಪಟ್ಟವುಗಳಿಗೆ 2023ರಿಂದ ಹೊಗೆಯ ನಿಯಮವು ಬಿಗಿಯಾದ ಮೇಲೆ ಇವು ಹೆಚ್ಚಿವೆ. ಅವುಗಳಲ್ಲಿ ಎಂಜಿನಿಗೆ ಸಂಬಂಧಪಟ್ಟ ಫ್ಯೂಸುಗಳ ಸ್ಥಳಕ್ಕೆ ಈ ದೀಪವನ್ನು ಹಾಕಬಾರದು. ಅದನ್ನು ಕಂಪೆನಿಯ ಮೇಸ್ತ್ರಿಗೇ ಬಿಡತಕ್ಕದ್ದು. ಇಲ್ಲಿ ಹೇಳಿರುವ ಕ್ರಮವು ದೀಪಗಳಿಗೂ ಹಾರನ್ನಿಗೂ ಮಾತ್ರ ಅನ್ವಯಿಸುವುದು.

ಹುಡುಕುವ ಕ್ರಮ

ಕಾಲುವೆಯಲ್ಲಿ ನೀರು ಸೋರಿದಾಗ ಬಲ್ಲ ನೀರುಗಂಟಿಯು ಕಾಲುವೆಯುದ್ದಕ್ಕೂ ಓಡಾಡುವುದಿಲ್ಲ. ಕವಲುಗಳನ್ನು ಒಂದೊಂದಾಗಿ ಕಟ್ಟುತ್ತಾ ಬರುವನು. ಯಾವ ಕವಲನ್ನು ಕಟ್ಟಿದಾಗ ಸೋರುವುದು ನಿಂತಿತೋ ಆ ಕವಲಿನಲ್ಲಿಯೇ ಒಡಕಿದೆಯೆಂದು ನಿಶ್ಚಯಿಸುವನು. ವೈರಿನಲ್ಲಿ ಶಾರ್ಟನ್ನು ಹುಡುಕುವ ಕ್ರಮವೂ ಇದೇ.

ಹಳೇಬೀಡಿನಿಂದ ಜಾವಗಲ್ಲಿನ ಮೇಲೆ ಬಾಣಾವರದ ಕಡೆಗೆ ಮುಸುಕಿನ ಜೋಳವನ್ನು ಹೇರಿಕೊಂಡು ಹೋಗುವ ಒಂದು ಟ್ರಾಕ್ಟರನ್ನು ನಿದರ್ಶನಕ್ಕಾಗಿ ಭಾವಿಸಬಹುದು. ಹಿಂದಿನ ದೀಪಗಳ 10 ಆಂಪಿಯರು ಫ್ಯೂಸು ಸ್ವಿಚ್ಚು ಹಾಕಿದ ಕೂಡಲೆ ಹೋಗುತ್ತಿದೆ, ಗಾಜು ಕಪ್ಪಾಗಿದೆ. ಟ್ರಾಕ್ಟರಿನ ಫ್ಯೂಸು ಪೆಟ್ಟಿಗೆಯಿಂದ ಟ್ರೈಲರಿನ ತುದಿಯವರೆಗೆ ವೈರು ಹನ್ನೆರಡು ಮೀಟರಿಗೆ ಕಡಮೆಯಿಲ್ಲ. ಇಷ್ಟುದ್ದದಲ್ಲಿ ಸಾಸಿವೆ ಕಾಳಿನಷ್ಟು ಗಾಯವನ್ನು ಹುಡುಕಬೇಕಾಗಿದೆ.

ಮೊದಲನೆಯ ಹೆಜ್ಜೆ: ಸ್ವಿಚ್ಚನ್ನು ಆರಿಸಿ, ಆ ಫ್ಯೂಸಿಗೆ ಸೇರಿದ ಎಲ್ಲಾ ಬಲ್ಬುಗಳನ್ನೂ ತೆಗೆಯಬೇಕು. ಇದನ್ನು ಬಿಟ್ಟರೆ ಮೋಸಹೋಗುವ ಸಂಭವವುಂಟು. ತಣ್ಣಗಿರುವ ಬಲ್ಬಿನ ಎಳೆಯ ತಡೆಯು ಉರಿಯುವಾಗ ಇರುವುದರ ಹತ್ತನೆಯ ಒಂದು ಪಾಲಿನಷ್ಟೇ. ಮುಂದಿನ ದೊಡ್ಡ ದೀಪಗಳ ಬಲ್ಬುಗಳನ್ನು ತೆಗೆಯದೆ ಪರೀಕ್ಷಿಸಿದರೆ, ಪರೀಕ್ಷಾ ದೀಪವು ಹೆಚ್ಚುಕಡಮೆ ಪೂರ್ತಿಯಾಗಿ ಉರಿದು ಇಲ್ಲದ ಶಾರ್ಟನ್ನು ಇದೆಯೆಂದು ತೋರಿಸುವುದು. ಬಲ್ಬುಗಳನ್ನು ತೆಗೆದ ಮೇಲೆ ಹೋಲ್ಡರಿನೊಳಗೂ ಇಣುಕಿ ನೋಡಬೇಕು. ಅಲ್ಲಿಯ ಹಿತ್ತಾಳೆಯ ನಾಲಿಗೆಯು ಬಾಗಿ ಮೈಗೆ ತಗುಲಿರುವುದೂ ಉಂಟು.

ಎರಡನೆಯ ಹೆಜ್ಜೆ: ಫ್ಯೂಸಿನ ಎರಡು ಹಿಡಿಕೆಗಳಿಗೆ ಪರೀಕ್ಷಾ ದೀಪದ ಎರಡು ಕ್ಲಿಪ್ಪುಗಳನ್ನು ಕಚ್ಚಿಸಿ ಸ್ವಿಚ್ಚನ್ನು ಹಾಕಬೇಕು. ಬಲ್ಬುಗಳೆಲ್ಲಾ ಹೊರಗಿರುವಾಗ ವಿದ್ಯುತ್ತು ಹೋಗುವುದಕ್ಕೆ ದಾರಿಯಿರಬಾರದು, ದೀಪವು ಹತ್ತಬಾರದು. ಈ ನಿದರ್ಶನದಲ್ಲಿ ಅದು ಪ್ರಕಾಶವಾಗಿ ಉರಿಯುವುದು. ಶಾರ್ಟು ಇದ್ದೇ ಇದೆ. ಈಗ ಅದು ಸಿಕ್ಕಿಬಿದ್ದಿದೆ. ಇಲ್ಲಿಂದ ಮುಂದೆ ದೀಪವು ಯಾವಾಗ ಆರುವುದೆಂದು ನೋಡುತ್ತಿರುವುದೊಂದೇ ಕೆಲಸ.

ಮೂರನೆಯ ಹೆಜ್ಜೆ: ಟ್ರೈಲರಿನ ಏಳು ಮೊಳೆಯ ಪ್ಲಗ್ಗನ್ನು ಸಾಕೆಟ್ಟಿನಿಂದ ಕೀಳಬೇಕು. ದೀಪವು ಉರಿಯುತ್ತಲೇ ಇದ್ದರೆ ದೋಷವು ಟ್ರಾಕ್ಟರಿನಲ್ಲಿದೆ. ಆಗ ಎಡ ಮತ್ತು ಬಲ ಮಡ್‌ಗಾರ್ಡುಗಳಿಗೆ ಹೋಗುವ ಕೂಡಿಕೆಗಳನ್ನು ಒಂದಾದ ಮೇಲೊಂದು ಕಳಚಿ ನೋಡಬೇಕು. ಇಲ್ಲಿ ಪ್ಲಗ್ಗನ್ನು ಕಿತ್ತ ಕೂಡಲೆ ದೀಪವು ಆರುವುದು. ಟ್ರಾಕ್ಟರು ನಿರ್ದೋಷಿ, ಟ್ರೈಲರಿನ ಮೇಲೆ ದೃಷ್ಟಿಯಿಡತಕ್ಕದ್ದು.

ನಾಲ್ಕನೆಯ ಹೆಜ್ಜೆ: ಪ್ಲಗ್ಗನ್ನು ಮತ್ತೆ ಹಾಕಿದರೆ ದೀಪವು ಪುನಃ ಹತ್ತುವುದು. ಟ್ರೈಲರಿನ ಹಿಂಭಾಗದಲ್ಲಿ ವೈರು ಎಡಬಲಕ್ಕೆ ಕವಲಾಗುವ ಕೂಡಿಕೆಯನ್ನು ಬಿಚ್ಚಬೇಕು. ಬಲದ ಕವಲನ್ನು ಬಿಡಿಸಿದರೆ ದೀಪವು ಹಾಗೆಯೇ ಉರಿಯುವುದು; ಎಡದ ಕವಲನ್ನು ಬಿಡಿಸಿದರೆ ಆರುವುದು. ಹನ್ನೆರಡು ಮೀಟರಿನ ಹುಡುಕಾಟವು ಈಗ ಎರಡು ಮೀಟರಿಗೆ ಇಳಿಯಿತು. ಆ ಎರಡು ಮೀಟರನ್ನು ಬೆರಳುಗಳಿಂದ ಸವರಿಕೊಂಡು ಹೋದರೆ, ಹಿಂಬಾಗಿಲಿನ ಕೀಲಿನ ಪಕ್ಕದಲ್ಲಿ ತಗಡಿನ ಅಂಚಿಗೆ ಉಜ್ಜಿ ಹೊದಿಕೆಯು ಸವೆದು ತಾಮ್ರವು ಹೊಳೆಯುತ್ತಿರುವುದು ಕಾಣಬರುವುದು. ವೈರನ್ನು ಅಲ್ಲಿಂದ ಸ್ವಲ್ಪ ಎತ್ತಿ ಹಿಡಿದರೆ ದೀಪವು ಆರುವುದು, ಬಿಟ್ಟರೆ ಹತ್ತುವುದು. ಇದಕ್ಕಿಂತ ಬೇರೆ ಸಾಕ್ಷಿಯು ಬೇಡ.

ಸ್ವಿಚ್ಚನ್ನು ಹಾಕುವುದಕ್ಕೆ ಮುಂಚೆಯೇ ಪರೀಕ್ಷಾ ದೀಪವು ಹತ್ತಿದರೆ, ಸ್ವಿಚ್ಚಿಗೆ ಬರುವ ವೈರನ್ನು ಅಲ್ಲಿ ಕಳಚಿ ನೋಡಬೇಕು. ಕಳಚಿದಾಗ ಆರಿದರೆ ದೋಷವು ಸ್ವಿಚ್ಚಿನೊಳಗೋ ಆಚೆಗೋ ಇದೆ; ಆರದಿದ್ದರೆ ಫ್ಯೂಸಿಗೂ ಸ್ವಿಚ್ಚಿಗೂ ನಡುವಣ ಗೇಣುದ್ದದ ವೈರಿನಲ್ಲಿಯೇ ಇದೆ.

ಕೆಲವು ಶಾರ್ಟುಗಳು ನಿಂತಲ್ಲಿ ತೋರುವುದಿಲ್ಲ; ಹೊಲದಲ್ಲಿ ಹೋಗುತ್ತವೆ, ಮನೆಯ ಮುಂದೆ ಸುಮ್ಮನಿರುತ್ತವೆ. ಇವುಗಳಿಗೂ ಇದೇ ದೀಪ. ಅದನ್ನು ಫ್ಯೂಸಿನ ಸ್ಥಳದಲ್ಲಿ ಹಾಕಿ, ಒಬ್ಬನು ದೀಪವನ್ನು ನೋಡುತ್ತಿರುವಾಗ ಮತ್ತೊಬ್ಬನು ವೈರಿನ ಕಟ್ಟನ್ನು ಗೇಣು ಗೇಣಾಗಿ ಅಲುಗಿಸುತ್ತಾ, ಎಂಜಿನು ನಿಂತಿರುವಂತೆಯೇ ಚಕ್ರವನ್ನು ಎರಡು ಕಡೆಗೂ ತಿರುಗಿಸಿ, ಟ್ರೈಲರಿನ ಕೊಂಡಿಯನ್ನು ಕುಲುಕಿ ನೋಡಬೇಕು. ದೀಪವು ಮಿಣುಕಿದ ಕ್ಷಣದಲ್ಲಿ ಕೈ ಎಲ್ಲಿತ್ತೋ ದೋಷವು ಅದರ ಆಸುಪಾಸಿನಲ್ಲಿದೆ.

ವೈರು ಹೆಚ್ಚಾಗಿ ಕೆಡುವ ಸ್ಥಳಗಳು

ಸೀಮೆಗೆ ತಕ್ಕಂತೆ ವೈರಿನ ವ್ಯಾಧಿಯೂ ಬೇರೆಯಾಗುವುದು. ಅರಸೀಕೆರೆಯ ಕಡೆ ಮಳೆ ಕಡಮೆ, ಧೂಳು ಹೆಚ್ಚು, ಬಿಸಿಲು ಹೆಚ್ಚು. ಬಿಸಿಲಿಗೂ ಎಂಜಿನಿನ ಕಾವಿಗೂ ಹೊದಿಕೆಯು ಒಣಗಿ ಬಿರುಕುಬಿಡುವುದು; ಕಲ್ಲುನೆಲದ ಕುಲುಕಾಟಕ್ಕೆ ವೈರು ತಗಡಿನ ರಂಧ್ರಗಳ ಅಂಚಿಗೆ ಉಜ್ಜುವುದು. ಇಲ್ಲಿ ಸೈಲೆನ್ಸರಿನ ನೆರೆಯನ್ನೂ, ವೈರು ತಗಡನ್ನು ತೂರಿಹೋಗುವ ರಂಧ್ರಗಳನ್ನೂ ಮೊದಲು ನೋಡತಕ್ಕದ್ದು. ಬೇಲೂರಿನ ಪಡುವಣ ಭಾಗದಲ್ಲಿ, ಅರೇಹಳ್ಳಿ ಬಿಕ್ಕೋಡುಗಳ ಕಡೆ, ಮುಂಗಾರಿನ ತಿಂಗಳುಗಳಲ್ಲಿ ತೇವವು ಆರುವುದೇ ಇಲ್ಲ. ಅಲ್ಲಿ ಸಾಕೆಟ್ಟಿನ ಮೊಳೆಗಳ ನಡುವೆಯೂ ದೀಪದ ಬುರುಡೆಗಳಲ್ಲಿಯೂ ಹಸಿರು ಕಿಲುಬು ಕಟ್ಟಿ ವಿದ್ಯುತ್ತಿಗೆ ಅಡ್ಡದಾರಿಯಾಗುವುದು. ಇವೆರಡರ ನಡುವಣ ಹಳೇಬೀಡಿನ ಸುತ್ತುಮುತ್ತ ಗದ್ದೆಯ ಕೆಸರು ಚಕ್ರದೊಡನೆ ಎದ್ದು ಮಡ್‌ಗಾರ್ಡಿನ ಒಳಗಡೆ ಒಣಗಿ, ಬೀಳುವಾಗ ವೈರನ್ನೂ ಸೆಳೆದುಕೊಂಡು ಬೀಳುವುದು.

ಎಲ್ಲಾ ಕಡೆಗೂ ಸಾಮಾನ್ಯವಾದ ಶತ್ರು ಇಲಿ. ಜೋಳದ ರಾಶಿಯ ಪಕ್ಕದಲ್ಲಿಯೋ ಹುಲ್ಲಿನ ಬಣವೆಯ ಮರೆಯಲ್ಲಿಯೋ ಟ್ರಾಕ್ಟರನ್ನು ಕೆಲವು ದಿನ ನಿಲ್ಲಿಸಿದರೆ ಇಲಿಗಳು ಎಂಜಿನಿನ ಮೇಲೆ ಗೂಡು ಮಾಡಿ ಹೊದಿಕೆಯನ್ನು ಕಡಿಯುವುವು. ಸುಗ್ಗಿಯ ಕಾಲದಲ್ಲಿ ಹದಿನೈದು ದಿನಗಳಿಗೊಮ್ಮೆಯಾದರೂ ಬಾನೆಟ್ಟನ್ನು ಎತ್ತಿ ನೋಡುವುದು ಒಳ್ಳೆಯದು.

ದುರಸ್ತಿ

ಗಾಯವು ಕಂಡಿತೆಂದು ಅದರ ಮೇಲೆ ಟೇಪು ಸುತ್ತಿ ಬಿಟ್ಟರೆ ಒಂದು ಬೇಸಗೆಗೇ ಅಂಟು ಕರಗಿ ಟೇಪು ಸುರುಳಿ ಬಿಚ್ಚಿಕೊಳ್ಳುವುದು. ಬ್ಯಾಟರಿಯನ್ನು ಕಳಚಿ, ಕೆಟ್ಟ ಭಾಗವನ್ನು ಕತ್ತರಿಸಿ, ಅದೇ ದಪ್ಪದ ಹೊಸ ವೈರಿನ ತುಂಡನ್ನು ಬೆಸುಗೆಯಿಂದಲೋ ಒತ್ತುಕೊಳವೆಯಿಂದಲೋ ಕೂಡಿಸಿ, ಮೇಲೆ ಕಾವಿಗೆ ಬಿಗಿಯುವ ಪ್ಲಾಸ್ಟಿಕ್ಕಿನ ಕೊಳವೆಯನ್ನು ಎಳೆಯತಕ್ಕದ್ದು. ತಗಡನ್ನು ತೂರುವ ಪ್ರತಿಯೊಂದು ರಂಧ್ರಕ್ಕೂ ರಬ್ಬರಿನ ಬಳೆಯನ್ನು ಹಾಕಬೇಕು. ಟ್ರೈಲರಿನ ಉದ್ದಕ್ಕೂ ವೈರನ್ನು ಪ್ಲಾಸ್ಟಿಕ್ಕು ಕೊಳವೆಯೊಳಗೆ ಹಾಯಿಸಿ ಒಂದಡಿಗೆ ಒಂದರಂತೆ ಕಟ್ಟಬೇಕು. ಕೊಂಡಿಯ ಹತ್ತಿರ ಮಾತ್ರ, ಟ್ರಾಕ್ಟರು ಪೂರ್ತಿಯಾಗಿ ತಿರುಗಿದಾಗ ಎಳೆಯದ ಹಾಗೆ, ಸ್ವಲ್ಪ ಸಡಿಲವಿರಬೇಕು. ನೆಲಕ್ಕೆ ಮುಟ್ಟುವಷ್ಟು ಸಡಿಲವೂ ಕೂಡದು.

ದುರಸ್ತಿಯಾದ ಮೇಲೆ ಬ್ಯಾಟರಿಯನ್ನು ಜೋಡಿಸಿ ಪರೀಕ್ಷಾ ದೀಪವನ್ನು ಮತ್ತೊಮ್ಮೆ ಹಾಕಬೇಕು. ಬಲ್ಬುಗಳು ಹೊರಗಿರುವಾಗ ಅದು ಆರಿಯೇ ಇರಬೇಕು. ಆಮೇಲೆ ಬಲ್ಬುಗಳನ್ನು ಕೂರಿಸಿದರೆ ಪರೀಕ್ಷಾ ದೀಪವೂ ಹಿಂದಿನ ದೀಪಗಳೂ ಮಂಕಾಗಿ ಉರಿಯುವುವು. ಇದು ಆರೋಗ್ಯದ ಲಕ್ಷಣ. ಆಗ ಪರೀಕ್ಷಾ ದೀಪವನ್ನು ತೆಗೆದು ಸರಿಯಾದ ಅಳತೆಯ ಹೊಸ ಫ್ಯೂಸನ್ನು ಹಾಕತಕ್ಕದ್ದು.

ಫ್ಯೂಸಿಲ್ಲದ ವೈರು

ಇನ್ನೊಂದು ವಿಷಯವನ್ನು ಗಮನದಲ್ಲಿಡಬೇಕು. ಬ್ಯಾಟರಿಯಿಂದ ಎಂಜಿನನ್ನು ಚಾಲೂ ಮಾಡುವ ಮೋಟಾರಿಗೆ ಹೋಗುವ ಹೆಬ್ಬೆರಳ ಗಾತ್ರದ ವೈರಿಗೆ ಅನೇಕ ಟ್ರಾಕ್ಟರುಗಳಲ್ಲಿ ಫ್ಯೂಸು ಇರುವುದೇ ಇಲ್ಲ. ಅದು ಮೈಗೆ ತಗುಲಿದರೆ ತಡೆಯುವವರಿಲ್ಲ. ನೂರಾರು ಆಂಪಿಯರು ಹರಿದು ವೈರು ಕೆಂಪಗೆ ಕಾಯುವುದು. ಆದುದರಿಂದ ಆ ವೈರಿನ ಹೊದಿಕೆಯನ್ನೂ, ಧನ ಕೊನೆಯ ಮೇಲಿನ ರಬ್ಬರು ಟೋಪಿಯನ್ನೂ, ಬ್ಯಾಟರಿಯನ್ನು ಅಲುಗದಂತೆ ಹಿಡಿದಿರುವ ಪಟ್ಟಿಯನ್ನೂ ಆಗಾಗ ನೋಡಬೇಕು. ಬ್ಯಾಟರಿಯ ಕೊನೆಗೆ ಹಿಡಿಯುವ ಅಳತೆಯ ಸ್ಪ್ಯಾನರೊಂದನ್ನು ಟ್ರಾಕ್ಟರಿಗೇ ಕಟ್ಟಿಟ್ಟಿರಬೇಕು. ಕೈಯಿಂದ ತಿರುಗಿಸಿ ಬ್ಯಾಟರಿಯನ್ನು ಬೇರ್ಪಡಿಸುವ ಸ್ವಿಚ್ಚನ್ನು ಹಾಕಿಸಿದರೆ ಮತ್ತೂ ಉತ್ತಮ. ರಾತ್ರಿ ಹುಲ್ಲಿನ ಬಣವೆಯ ಹತ್ತಿರ ನಿಲ್ಲಿಸುವವರಿಗೆ ಇದು ಅವಶ್ಯವೆಂದೇ ಹೇಳಬಹುದು.

ಗ್ರಾಮದ ಮುಖಂಡರು ಮಾಡಬಹುದಾದ ಕೆಲಸ

ಈ ಪರೀಕ್ಷೆಯನ್ನು ಪ್ರತಿಯೊಬ್ಬ ಜಮೀನುದಾರರೂ ತಾವೇ ಮಾಡಬೇಕೆಂದಿಲ್ಲ. ಊರಿಗೆ ಇಬ್ಬರು ಚುರುಕಾದ ಯುವಕರು ಇದನ್ನು ಕಲಿತರೆ ಸಾಕು. ಗ್ರಾಮದ ಮುಖಂಡರು ಹಾಲು ಉತ್ಪಾದಕರ ಸಂಘದ ಕಟ್ಟಡದಲ್ಲಿಯೋ ಪಂಚಾಯಿತಿಯ ಕಛೇರಿಯಲ್ಲಿಯೋ ಒಂದು ಪರೀಕ್ಷಾ ದೀಪವನ್ನೂ, 10, 15, 20 ಆಂಪಿಯರಿನ ಫ್ಯೂಸುಗಳ ಒಂದು ಡಬ್ಬಿಯನ್ನೂ, ಕೆಲವು 5 ವ್ಯಾಟಿನ ಮತ್ತು 21 ವ್ಯಾಟಿನ ಬಲ್ಬುಗಳನ್ನೂ ಇರಿಸಿದರೆ, ರಾತ್ರಿ ಹೊರಡಬೇಕಾದ ಬಂಡಿಯು ಬೆಳ್ಳಿ ಕಾಗದವನ್ನು ಹುಡುಕುವ ಪ್ರಮೇಯ ಬಾರದು. ಬಾಡಿಗೆಗೆ ಟ್ರಾಕ್ಟರನ್ನು ಕರೆಸುವವರು, ಕೃಷಿ ಯಂತ್ರಧಾರೆಯ ಕೇಂದ್ರದಿಂದಾಗಲಿ ನೆರೆಯ ರೈತರಿಂದಾಗಲಿ, ಹೇರುವುದಕ್ಕೆ ಮುಂಚೆ ಹಿಂದಿನ ದೀಪವನ್ನು ಹತ್ತಿಸಿ ತೋರಿಸೆಂದು ಕೇಳುವ ವಾಡಿಕೆಯನ್ನು ಇಟ್ಟುಕೊಳ್ಳಬೇಕು. ದೀಪವು ಕೈಕೊಟ್ಟ ರಾತ್ರಿಗೂ ಇರಲೆಂದು ಟ್ರೈಲರಿನ ಹಿಂಬಾಗಿಲಿಗೆ ಬೆಳಕನ್ನು ಮರಳಿಸುವ ಕೆಂಪು ಪಟ್ಟಿಯನ್ನು ಅಂಟಿಸಬೇಕು. ಹುಲ್ಲು ಇಳಿಬಿದ್ದು ಅದನ್ನು ಮುಚ್ಚದಂತೆಯೂ ನೋಡಿಕೊಳ್ಳಬೇಕು.

ರಾಗಿ ಕೊಯ್ಲಿಗೂ ಜೋಳದ ಸಾಗಣೆಗೂ ಮುಂಚೆ ಒಂದು ಸಾಯಂಕಾಲ ಊರಿನ ಟ್ರೈಲರುಗಳನ್ನೆಲ್ಲಾ ಒಂದು ಕಡೆ ನಿಲ್ಲಿಸಿ ದೀಪಗಳನ್ನು ಹತ್ತಿಸಿ ನೋಡುವುದು ದೊಡ್ಡ ಖರ್ಚಿನ ಕೆಲಸವಲ್ಲ. ಹತ್ತದಿರುವ ದೀಪದ ಕಾರಣವನ್ನು ಮೇಲೆ ಹೇಳಿದ ಕ್ರಮದಿಂದ ಆಗಲೇ ಹುಡುಕಬಹುದು. ಫ್ಯೂಸು ಎರಡನೆಯ ಸಲ ಹೋದರೆ ಮೂರನೆಯದನ್ನು ಹಾಕುವುದಕ್ಕೆ ಮುಂಚೆ ಕಾರಣವನ್ನು ಕಂಡುಹಿಡಿಯತಕ್ಕದ್ದು ಎಂಬುದನ್ನು ಚಾಲಕರೆಲ್ಲರಿಗೂ ಕಟ್ಟಾಗಿ ತಿಳಿಸಿಡಬೇಕು.